ಕಿನೊಸಾಕಿ: ಊರೇ ಒಂದು ಬಚ್ಚಲುಮನೆ

ಜಪಾನಿಗೆ ಹೋಗುವ ನಮ್ಮವರು ಟೋಕಿಯೊ ನೋಡುತ್ತಾರೆ, ಬುಲೆಟ್ ರೈಲು ಹತ್ತುತ್ತಾರೆ, ಕ್ಯೋಟೊದ ದೇವಸ್ಥಾನಗಳ ಮುಂದೆ ಫೋಟೊ ತೆಗೆಸಿಕೊಂಡು ವಾಪಸಾಗುತ್ತಾರೆ. ಓನ್ಸೆನ್ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, "ಅಯ್ಯೋ, ಅಲ್ಲಿ ಮೈಮೇಲೆ ಒಂದು ಚೂರೂ ಬಟ್ಟೆ ಇಲ್ಲದೆ ಇಳಿಯಬೇಕಂತೆ" ಎಂದು ಮಾತು ಮುಗಿದುಹೋಗುತ್ತದೆ. ಇಳಿಯಬೇಕು, ನಿಜ. ಆದರೆ ಅದೇನೂ ಅಷ್ಟು ದೊಡ್ಡ ವಿಷಯವಲ್ಲ. ನಮ್ಮತ್ತೆ ಅದನ್ನು ನನಗಿಂತ ಮೊದಲು ಕಂಡುಕೊಂಡರು. ಆ ಕಥೆ ಮುಂದೆ ಬರುತ್ತದೆ.

ಓನ್ಸೆನ್ ಎಂದರೆ ಬಿಸಿನೀರಿನ ಬುಗ್ಗೆ. ಅದಕ್ಕೆ ಜಪಾನಿನಲ್ಲಿ 1948ರ ಒಂದು ಕಾಯಿದೆಯೇ ಇದೆ: ನೆಲದಿಂದ ಬರುವ ನೀರು 25 ಡಿಗ್ರಿಯಷ್ಟಾದರೂ ಬಿಸಿಯಿರಬೇಕು, ಇಲ್ಲವೇ ಪಟ್ಟಿಮಾಡಿದ 19 ಅಂಶಗಳಲ್ಲಿ ಒಂದಾದರೂ ನಿಗದಿಯಾದಷ್ಟು ಇರಬೇಕು. ಅಂಥ ನೀರಿರುವ ಊರುಗಳು ದೇಶದ ತುಂಬ ಇವೆ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಒಂದೇ ಹೆಸರು, ಕಿನೊಸಾಕಿ. ಹ್ಯೋಗೊ ಪ್ರಾಂತ್ಯದ ಉತ್ತರದ ತುದಿಯಲ್ಲಿ, ಜಪಾನ್ ಸಮುದ್ರದ ಹತ್ತಿರ, ತೊಯೊಒಕಾ ನಗರಕ್ಕೆ ಸೇರಿದ ಪುಟ್ಟ ಊರು ಅದು.

ಆ ಊರಿನವರದೇ ಒಂದು ಮಾತಿದೆ. ರೈಲು ನಿಲ್ದಾಣವೇ ಹೆಬ್ಬಾಗಿಲು, ಬೀದಿಯೇ ಪಡಸಾಲೆ, ವಸತಿಗೃಹಗಳೆಲ್ಲ ಕೋಣೆಗಳು, ಊರಿನ ಸ್ನಾನದಮನೆಗಳೇ ಬಚ್ಚಲು. ಅಂದರೆ ಊರೆಲ್ಲ ಸೇರಿ ಒಂದೇ ಮನೆ. ಇದು ಪ್ರವಾಸೋದ್ಯಮದವರು ಕಟ್ಟಿದ ಬರೀ ಚಂದದ ಮಾತಲ್ಲ, ಅದರ ಹಿಂದೆ ದೊಡ್ಡ ಜಗಳವಿದೆ. 1927ರಲ್ಲಿ ಒಂದು ವಸತಿಗೃಹ ತನ್ನೊಳಗೇ ಬುಗ್ಗೆನೀರಿನ ತೊಟ್ಟಿ ಮಾಡಿಕೊಂಡಾಗ ಊರು ತಿರುಗಿಬಿತ್ತು. ನೀರು ಎಲ್ಲರದು, ಅತಿಥಿಗಳು ಒಳಗೇ ಕೂತರೆ ಬೀದಿಯ ಅಂಗಡಿಗಳ ಗತಿಯೇನು ಎಂಬುದು ಊರಿನವರ ವಾದ. ಕೋರ್ಟು ಕಚೇರಿ ಎಲ್ಲ ಆಗಿ ರಾಜಿಯಾದದ್ದು 1950ರಲ್ಲಿ: ಒಳಗೆ ತೊಟ್ಟಿ ಇರಲಿ, ಆದರೆ ಚಿಕ್ಕದಾಗಿರಲಿ. ಹಾಗಾಗಿ ಇವತ್ತಿಗೂ ಕಿನೊಸಾಕಿಯಲ್ಲಿ ಎಷ್ಟೇ ದುಬಾರಿ ಕೋಣೆ ಹಿಡಿದರೂ ನಿಜವಾದ ಸ್ನಾನಕ್ಕೆ ಬೀದಿಗಿಳಿಯಬೇಕು. ನಿಮ್ಮ ಯೋಜನೆಯನ್ನೆಲ್ಲ ಇದರ ಸುತ್ತ ಹೆಣೆಯಿರಿ.

ಯಾವಾಗ ಹೋಗುವುದು

ನವೆಂಬರ್‌ನಿಂದ ಮಾರ್ಚ್‌ವರೆಗೆ ಏಡಿಯ ಕಾಲ. ಮತ್ಸುಬಾ ಏಡಿ ತಿನ್ನಲೆಂದೇ ಒಸಾಕಾ, ಕೋಬೆಗಳಿಂದ ಜನ ಬರುತ್ತಾರೆ, ಬಾಡಿಗೆ ಏರುತ್ತದೆ, ಪ್ರತಿ ಅಡುಗೆಮನೆಯಿಂದಲೂ ಏಡಿಯ ಘಮ. ಮೀನು ಏಡಿ ತಿನ್ನುವ ಕರಾವಳಿಯವರಿಗೆ ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಹಿಮ ಬೀಳುವಾಗ ಬಯಲು ತೊಟ್ಟಿಯಲ್ಲಿ ಕತ್ತಿನವರೆಗೆ ಮುಳುಗಿ ಕೂರುವ ಸುಖವೂ ಆಗಲೇ. ಸಸ್ಯಾಹಾರಿಗಳು ಮಾತ್ರ ಈ ತಿಂಗಳುಗಳಲ್ಲಿ ತಾವು ತಿನ್ನದ ಏಡಿಗೂ ಸೇರಿಸಿ ದುಡ್ಡು ಕೊಟ್ಟಂತಾಗುತ್ತದೆ. ಅವರಿಗೆ ಏಪ್ರಿಲ್ ಒಳ್ಳೆಯದು. ಕಿಯಾಮಾಚಿ ಬೀದಿಯ ಕಾಲುವೆಯ ಎರಡೂ ದಡದಲ್ಲಿ ಸಕುರಾ, ಅಂದರೆ ಚೆರ್ರಿ ಹೂ, ಅರಳಿರುತ್ತದೆ. ಅಕ್ಟೋಬರ್ ಕೂಡ ಪರವಾಗಿಲ್ಲ. ಬೇಸಿಗೆ ನನಗೆ ಸೇರದು. ಸೆಕೆಯಲ್ಲಿ ಬಿಸಿನೀರಿಗೆ ಇಳಿಯಲು ಅಷ್ಟು ದೂರ ಯಾಕೆ ಹೋಗಬೇಕು? ಶನಿವಾರದ ರಾತ್ರಿ ಬಿಟ್ಟು ವಾರದ ನಡುವೆ ಹೋದರೆ ದರವೂ ಕಡಿಮೆ, ತೊಟ್ಟಿಯಲ್ಲಿ ಜಾಗವೂ ಸಿಗುತ್ತದೆ.

ಕೋಣೆ ಕಾಯ್ದಿರಿಸುವಾಗ

ಹಳೆಯ ಶೈಲಿಯ ವಸತಿಗೃಹಕ್ಕೆ ರ್ಯೋಕಾನ್ ಎನ್ನುತ್ತಾರೆ. ಅಲ್ಲಿನ ದರ ಕೋಣೆಗಲ್ಲ, ತಲೆಗೆ. ಇದನ್ನು ಮರೆತು ಲೆಕ್ಕ ಹಾಕಿದವರು ಕೊನೆಗೆ ಬೆಚ್ಚಿಬೀಳುತ್ತಾರೆ. ರಾತ್ರಿಯೂಟ, ಬೆಳಗಿನ ತಿಂಡಿ ಸೇರಿದ ದರ ಒಂದು, ಬರೀ ಮಲಗುವ ಜಾಗದ ದರ ಇನ್ನೊಂದು. ಎರಡನೆಯದಕ್ಕೆ ಸುದೊಮಾರಿ ಎಂದು ಹೆಸರು. ಊಟ ಸೇರಿದರೆ ಒಬ್ಬರಿಗೆ ಒಂದು ರಾತ್ರಿಗೆ ಇಪ್ಪತ್ತು ಸಾವಿರ ಯೆನ್ ದಾಟುವುದು ಮಾಮೂಲು. ಇದರ ಮೇಲೆ ಸ್ನಾನದ ತೆರಿಗೆ ಎಂದು ತಲೆಗೆ ಸಾಮಾನ್ಯವಾಗಿ 150 ಯೆನ್ ಬೇರೆ.

ಒಂದು ರಾತ್ರಿಯಾದರೂ ಉಳಿಯಿರಿ. ಬೆಳಿಗ್ಗೆ ಬಂದು ಸಂಜೆ ಹೊರಡುವವರು ಪ್ರತಿ ಸ್ನಾನದಮನೆಗೂ ಟಿಕೆಟ್ ಕೊಳ್ಳಬೇಕು, ಇಲ್ಲವೇ ದಿನದ ಪಾಸ್ ಮಾಡಿಸಬೇಕು. ಉಳಿದುಕೊಳ್ಳುವವರಿಗೆ ವಸತಿಗೃಹವೇ ಪಾಸ್ ಕೊಡುತ್ತದೆ, ಅದಿದ್ದರೆ ಊರಿನ ಸ್ನಾನದಮನೆಗಳಿಗೆಲ್ಲ ಉಚಿತ. ಅಲ್ಲದೆ ಊರಿಗೆ ಜೀವ ಬರುವುದೇ ಊಟವಾದ ಮೇಲೆ, ದೀಪ ಹತ್ತಿ ಜನ ಮರದ ಚಪ್ಪಲಿ ಮೆಟ್ಟಿ ಬೀದಿಗಿಳಿದಾಗ.

ನಾಚಿಕೆ ಬಿಡಲಾರದವರು, ಗಂಡ ಹೆಂಡತಿ ಮಕ್ಕಳು ಒಟ್ಟಿಗೇ ಸ್ನಾನ ಮಾಡಬೇಕೆನ್ನುವವರು 'ಕಶಿಕಿರಿ' ಇದೆಯೇ ಎಂದು ಕೇಳಿ ನೋಡಿ. ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಒಳಗಿನ ಚಿಕ್ಕ ತೊಟ್ಟಿಯನ್ನು ನಿಮಗಾಗಿಯೇ ಬಿಟ್ಟುಕೊಡುತ್ತಾರೆ.

ತಿನ್ನುವ ವಿಷಯ

ನಮ್ಮ ಸಸ್ಯಾಹಾರಿಗಳು ಮೋಸಹೋಗುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮಾಂಸ ಬೇಡ, ಮೀನು ಬೇಡ ಎಂದರೆ ಸಾಲದು. ಜಪಾನಿನ ಅಡುಗೆಗೆ ತಳಪಾಯವೇ ದಾಶಿ ಎಂಬ ಕಟ್ಟು. ನಮ್ಮಲ್ಲಿ ಸಾರಿಗೆ ಬೇಳೆಕಟ್ಟು ಇದ್ದಂತೆ. ಅದನ್ನು ತೆಗೆಯುವುದು ಹೆಚ್ಚಾಗಿ ಕತ್ಸುಒಬುಶಿಯಿಂದ, ಅಂದರೆ ಹೊಗೆಯಾಡಿಸಿ ಒಣಗಿಸಿದ ಮೀನನ್ನು ಹೆರೆದ ಚೂರುಗಳಿಂದ. ಮಿಸೊ ಸಾರು, ಬೇಯಿಸಿದ ತರಕಾರಿ, ಸೋಬಾ ಶಾವಿಗೆ ಅದ್ದಿ ತಿನ್ನುವ ರಸ, ಎಲ್ಲದರಲ್ಲೂ ಅದು ಕಣ್ಣಿಗೆ ಕಾಣದೆ ಕೂತಿರುತ್ತದೆ. ಬಡಿಸುವವರು "ಇದು ತರಕಾರಿ" ಎನ್ನುವುದು ಸುಳ್ಳಲ್ಲ. ಅವರ ಲೆಕ್ಕದಲ್ಲಿ ಕಟ್ಟು ಪದಾರ್ಥವೇ ಅಲ್ಲ.

ಆದ್ದರಿಂದ ಕಾಯ್ದಿರಿಸುವ ಹೊತ್ತಿಗೇ ಬರೆದು ಕೇಳಬೇಕು: ಮಾಂಸ, ಮೀನು, ಮೀನಿನ ದಾಶಿ, ಮೂರೂ ಇಲ್ಲದ ಊಟ ಆಗುತ್ತದೆಯೇ? ಕೊಂಬು ಎಂಬ ಕಡಲಪಾಚಿಯಿಂದಲೋ ಶಿಇತಾಕೆ ಅಣಬೆಯಿಂದಲೋ ದಾಶಿ ತೆಗೆಯಲು ಬರುತ್ತದೆ, ಬೌದ್ಧ ಮಠಗಳ ಶೋಜಿನ್ ಅಡುಗೆ ನಡೆಯುವುದೇ ಹಾಗೆ. ಆಗುತ್ತದೆ ಎಂದವರು ಅಚ್ಚುಕಟ್ಟಾಗಿ ಮಾಡಿಕೊಡುತ್ತಾರೆ. ಆಗುವುದಿಲ್ಲ ಎಂದರೆ ಬೇಜಾರು ಮಾಡಿಕೊಳ್ಳಬೇಡಿ, ಸುದೊಮಾರಿ ಹಿಡಿಯಿರಿ. ಹೋದ ಮೇಲೆ ಬಾಗಿಲಲ್ಲಿ ನಿಂತು ಕೇಳುವುದು ಮಾತ್ರ ತಪ್ಪು. ಊಟದ ಹತ್ತಾರು ಪುಟ್ಟ ಬಟ್ಟಲುಗಳ ಸಿದ್ಧತೆ ಹಿಂದಿನ ದಿನವೇ ಶುರುವಾಗಿರುತ್ತದೆ.

ನಾವು ಹೋದಾಗ ಎರಡು ಪೊಟ್ಟಣ ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಕೈಯಲ್ಲಿದ್ದವು. ಕೋಣೆಯಲ್ಲಿ ನೀರು ಕಾಯಿಸುವ ಕೆಟಲ್ ಇರುತ್ತದೆ, ಒಲೆ ಇರುವುದಿಲ್ಲ. ಒಗ್ಗರಣೆಯ ವಾಸನೆ ಬರುವ ಯಾವುದನ್ನೂ ಕೋಣೆಯಲ್ಲಿ ಬಿಚ್ಚದಿರುವುದು ಒಳ್ಳೆಯದು. ತತಾಮಿ ಚಾಪೆ ಹುಲ್ಲಿನದು, ವಾಸನೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ಮೊಟ್ಟೆ ತಿನ್ನುವವರಿಗೆ ಒಂದು ಆಟ ಇದೆ: ರೋಪ್‌ವೇ ನಿಲ್ದಾಣದ ಬಳಿ ಸುಮಾರು 80 ಡಿಗ್ರಿಯ ಮೂಲ ಬುಗ್ಗೆ ಉಕ್ಕುತ್ತದೆ. ಪಕ್ಕದ ಅಂಗಡಿಯಲ್ಲಿ ಮೊಟ್ಟೆ ಕೊಂಡು ಬಲೆಚೀಲದಲ್ಲಿ ಇಳಿಬಿಟ್ಟರೆ ಹತ್ತು ಹನ್ನೊಂದು ನಿಮಿಷದಲ್ಲಿ ಬೇಯುತ್ತದೆ.

ತಲುಪುವುದು

ವೀಸಾ ಕೆಲಸ ಮುಗಿಸಿಕೊಂಡು ಒಸಾಕಾ ಅಥವಾ ಕ್ಯೋಟೊ ತಲುಪಿದಿರಿ ಎಂದುಕೊಳ್ಳೋಣ. ಕ್ಯೋಟೊದಿಂದ 'ಕಿನೊಸಾಕಿ' ಎಂಬ ಹೆಸರಿನದೇ ಎಕ್ಸ್‌ಪ್ರೆಸ್ ರೈಲು ಇದೆ, ಸುಮಾರು ಎರಡೂವರೆ ಗಂಟೆ. ಒಸಾಕಾದಿಂದ 'ಕೊಉನೊತೊರಿ', ಸುಮಾರು ಮೂರು ಗಂಟೆ. ಎಲ್ಲ ರೈಲೂ ಕೊನೆಯವರೆಗೆ ಹೋಗುವುದಿಲ್ಲ, ಕೆಲವು ಫುಕುಚಿಯಾಮಾದಲ್ಲೇ ನಿಲ್ಲುತ್ತವೆ. ಟಿಕೆಟ್ ಮಾಡಿಸುವಾಗ ನೋಡಿಕೊಳ್ಳಿ. ಅಕ್ಕಪಕ್ಕದ ಊರುಗಳನ್ನೂ ಸುತ್ತುವುದಿದ್ದರೆ ಜೆಆರ್ ರೈಲು ಕಂಪನಿಯ ಕನ್ಸಾಯ್ ವೈಡ್ ಏರಿಯಾ ಪಾಸ್ ಲಾಭ, ಅದು ಕಿನೊಸಾಕಿಯವರೆಗೂ ನಡೆಯುತ್ತದೆ. ಬಲಗಡೆಯ ಕಿಟಕಿ ಹಿಡಿಯಿರಿ. ತೊಯೊಒಕಾ ದಾಟಿದ ಮೇಲೆ ಮರುಯಾಮಾ ನದಿ ಹಳಿಯ ಪಕ್ಕದಲ್ಲೇ ಅಗಲವಾಗಿ, ಸದ್ದಿಲ್ಲದೆ ಜೊತೆಗೆ ಬರುತ್ತದೆ.

ಕೊಉನೊತೊರಿ ಎಂದರೆ ಒಂದು ಜಾತಿಯ ಕೊಕ್ಕರೆ. ಜಪಾನಿನ ಕಾಡಿನಲ್ಲಿ ಉಳಿದಿದ್ದ ಕೊನೆಯ ಕೊಉನೊತೊರಿ ಸತ್ತದ್ದು 1971ರಲ್ಲಿ, ಇದೇ ತೊಯೊಒಕಾದಲ್ಲಿ. ಸಾಕಿ ಬೆಳೆಸಿದ ಹಕ್ಕಿಗಳನ್ನು ಮತ್ತೆ ಬಾನಿಗೆ ಬಿಟ್ಟದ್ದು 2005ರಲ್ಲಿ. ಗದ್ದೆಬಯಲಿನ ಮೇಲೆ ಕಪ್ಪು ಅಂಚಿನ ದೊಡ್ಡ ಬಿಳಿ ರೆಕ್ಕೆ ಕಂಡರೆ ಪಕ್ಕದವರನ್ನು ಎಬ್ಬಿಸಿ.

ಕೋಣೆಗೆ ಸೇರಿಸಿಕೊಳ್ಳುವುದು ಸಾಮಾನ್ಯವಾಗಿ ಮಧ್ಯಾಹ್ನ ಮೂರರ ಮೇಲೆ. ಮೊದಲೇ ತಲುಪಿದರೆ ನಿಲ್ದಾಣದ ಹತ್ತಿರವೇ ಸಾಮಾನು ವಹಿಸಿ ಕೈಬೀಸಿಕೊಂಡು ಹೊರಡಬಹುದು, ಅದನ್ನು ವಸತಿಗೃಹಕ್ಕೆ ತಲುಪಿಸುವ ವ್ಯವಸ್ಥೆ ಇದೆ. ಇಡೀ ಊರನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ನಿಮಿಷದಲ್ಲಿ ನಡೆದು ಮುಗಿಸಬಹುದು.

ಒಳಗೆ ಕಾಲಿಟ್ಟ ಮೇಲೆ

ಚಪ್ಪಲಿ ಹೊರಗೆ ಬಿಡುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ನಮ್ಮವರು ಎಡವುವುದು ಆಮೇಲೆ ಕೊಡುವ ಸ್ಲಿಪ್ಪರ್‌ನಲ್ಲಿ. ಸ್ಲಿಪ್ಪರ್ ಓಡಾಡುವ ಹಾದಿಗೆ ಮಾತ್ರ, ತತಾಮಿಯ ಮೇಲೆ ಅದೂ ಕೂಡದು. ಪಾಯಿಖಾನೆಗೆ ಬೇರೆಯೇ ಜೊತೆ ಇರುತ್ತದೆ. ಅದನ್ನು ಮೆಟ್ಟಿಕೊಂಡೇ ಈಚೆ ಬಂದರೆ ಯಾರೂ ಬೈಯುವುದಿಲ್ಲ, ಆದರೆ ಎಲ್ಲರೂ ನೋಡುತ್ತಾರೆ. ಸೂಟ್‌ಕೇಸನ್ನು ಚಾಪೆಯ ಮೇಲೆ ಎಳೆಯಬೇಡಿ, ಎತ್ತಿಕೊಳ್ಳಿ. ಗೋಡೆಯಲ್ಲಿ ಒಂದು ಚಿತ್ರಪಟ, ಒಂದು ಹೂವು ಇಟ್ಟ ಗೂಡಿನಂಥ ಜಾಗಕ್ಕೆ ತೊಕೊನೊಮಾ ಎನ್ನುತ್ತಾರೆ. ಖಾಲಿಯಿದೆ ಎಂದು ಅಲ್ಲಿ ಬ್ಯಾಗ್ ಇಡುವುದು ನಮ್ಮ ದೇವರಗೂಡಿನಲ್ಲಿ ಹೆಲ್ಮೆಟ್ ಇಟ್ಟ ಹಾಗೆ. ಹಾಸಿಗೆ ಎಲ್ಲಿ ಎಂದು ಹುಡುಕಬೇಡಿ, ನೀವು ಊಟಕ್ಕೆ ಹೋದಾಗ ಬಂದು ಹಾಸಿರುತ್ತಾರೆ. ಟಿಪ್ಸ್ ಕೊಡುವ ರೂಢಿ ಇಲ್ಲ.

ಕೋಣೆಯಲ್ಲಿ ಮಡಿಸಿಟ್ಟಿರುವ ಹತ್ತಿಯ ನಿಲುವಂಗಿಯೇ ಯುಕಾತ. ಅದನ್ನು ಉಟ್ಟೇ ಬೀದಿಗೆ ಹೋಗುವುದು ಈ ಊರಿನ ರೂಢಿ. ಪ್ಯಾಂಟು ಶರಟಿನಲ್ಲಿ ಹೊರಟರೆ ನೀವೇ ಎದ್ದು ಕಾಣುತ್ತೀರಿ. ಉಡುವಾಗ ಒಂದೇ ಒಂದು ಎಚ್ಚರ: ಬಲಗಡೆಯ ಮಗ್ಗುಲು ಮೊದಲು ಮೈಗೆ, ಅದರ ಮೇಲೆ ಎಡಗಡೆಯದು. ಇದು ತಿರುಗುಮುರುಗಾಗಿ ಬಲಗಡೆಯದು ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ಬಗೆ. ಪಿತೃಕಾರ್ಯದಲ್ಲಿ ಜನಿವಾರವನ್ನು ಅಪಸವ್ಯ ಮಾಡಿಕೊಳ್ಳುವುದನ್ನು ನೋಡಿದವರಿಗೆ ಇದು ಒಮ್ಮೆ ಹೇಳಿದರೆ ಸಾಕು, ಮರೆಯುವುದಿಲ್ಲ. ಚಳಿಗೆ ಮೇಲೊಂದು ಗಿಡ್ಡ ಕೋಟು ಕೊಡುತ್ತಾರೆ. ಕಾಲಿಗೆ ಗೆತಾ ಎಂಬ ಮರದ ಮೆಟ್ಟು. ಅದರ ಸದ್ದಿಗೆ ಜಪಾನಿಯರು 'ಕರನ್ ಕೊರೊನ್' ಎನ್ನುತ್ತಾರೆ. ಮೊದಲ ಹತ್ತು ಹೆಜ್ಜೆ ಕಷ್ಟ, ಮಂಡಿ ನೋವಿರುವವರು ತಮ್ಮ ಚಪ್ಪಲಿಯಲ್ಲೇ ಹೋಗಲಿ.

ಸ್ನಾನ

ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಒಂದು ದೊಡ್ಡ, ಒಂದು ಚಿಕ್ಕ ಟವೆಲ್, ಪಾಸ್, ಸ್ವಲ್ಪ ಚಿಲ್ಲರೆ. ಇಷ್ಟು ಸಾಕು. ಹೊರಡುವ ಮೊದಲು ಒಂದು ಲೋಟ ನೀರು ಕುಡಿಯಿರಿ.

1. ಬಾಗಿಲಲ್ಲಿ ಪಾದರಕ್ಷೆ ಬಿಟ್ಟು ಪಾಸ್ ತೋರಿಸಿ. ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ ಒಳಮನೆ. ಬಾಗಿಲಿಗೆ ತೂಗಿದ ಪರದೆ ಸಾಮಾನ್ಯವಾಗಿ ಗಂಡಸರಿಗೆ ನೀಲಿ, ಹೆಂಗಸರಿಗೆ ಕೆಂಪು. ಅಕ್ಷರ ಗುರುತಿಟ್ಟುಕೊಂಡರೆ ಇನ್ನೂ ವಾಸಿ: ಮೇಲೆ ನಾಲ್ಕು ಮನೆಯ ಚೌಕವಿರುವುದು ಗಂಡಸರದು. ಕೆಲವು ಕಡೆ ಎರಡು ಬದಿಗಳನ್ನು ಆಗಾಗ ಅದಲುಬದಲು ಮಾಡುತ್ತಾರೆ, ನಿನ್ನೆಯ ನೆನಪಿನಿಂದ ನುಗ್ಗಬೇಡಿ.

2. ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಲವನ್ನೂ ಕಳಚಿ ಲಾಕರ್‌ನಲ್ಲಿಡಿ. ಎಲ್ಲವನ್ನೂ ಎಂದರೆ ಎಲ್ಲವನ್ನೂ. ಈಜುಡುಗೆಗೆ ಅವಕಾಶವಿಲ್ಲ. ಬೆಳ್ಳಿಯ ಕಾಲುಂಗುರ, ಸರಗಳನ್ನೂ ಬಿಚ್ಚಿಡಿ, ಖನಿಜದ ನೀರಿಗೆ ಕಪ್ಪಾಗಬಹುದು. ಫೋನ್ ಹೊರಗೆ ತೆಗೆಯಲೇಬಾರದು.

3. ಚಿಕ್ಕ ಟವೆಲ್ ಹಿಡಿದು ಒಳಗೆ ಹೋದರೆ ಗೋಡೆಯುದ್ದಕ್ಕೂ ತಗ್ಗಿನ ನಲ್ಲಿಗಳು, ಪುಟ್ಟ ಮಣೆಗಳು. ಕೂತು, ಸೋಪು ಹಚ್ಚಿ, ತಲೆಯಿಂದ ಪಾದದವರೆಗೆ ಪೂರ್ತಿ ತೊಳೆದುಕೊಳ್ಳಿ. ನಿಜವಾದ ಸ್ನಾನ ಆಗುವುದು ಇಲ್ಲೇ. ತೊಟ್ಟಿ ಇರುವುದು ಕೊಳೆ ಕಳೆಯಲಿಕ್ಕಲ್ಲ. ನಮ್ಮ ಮನೆಗಳಲ್ಲಿ ಹಂಡೆಯೊಳಗೆ ಯಾರೂ ಕೈ ಅದ್ದುತ್ತಿರಲಿಲ್ಲ, ತಂಬಿಗೆಯಲ್ಲಿ ತೋಡಿಕೊಳ್ಳುತ್ತಿದ್ದರು. ತೊಟ್ಟಿಯ ನೀರಿನ ಶುದ್ಧಿಯ ಮೇಲೆ ಇವರಿಗಿರುವ ಕಾಳಜಿ ಅದೇ ಜಾತಿಯದು. ಸೋಪಿನ ನೊರೆ ಒಂದು ಹನಿಯೂ ಮೈಮೇಲೆ ಉಳಿಯಕೂಡದು.

4. ಕೂದಲು ಉದ್ದವಿದ್ದರೆ ಎತ್ತಿ ಗಂಟು ಹಾಕಿ. ತೊಟ್ಟಿಯ ನೀರನ್ನೇ ಮೊಗೆದು ಕಾಲಿನಿಂದ ಮೇಲಕ್ಕೆ ಮೈಮೇಲೆ ಹಾಕಿಕೊಳ್ಳಿ. ಮೈ ಬಿಸಿಗೆ ಹೊಂದಿಕೊಳ್ಳಬೇಕು, ನೀರು ಹೆಚ್ಚುಕಡಿಮೆ 42 ಡಿಗ್ರಿ ಇರುತ್ತದೆ.

5. ನಿಧಾನಕ್ಕೆ ಇಳಿಯಿರಿ. ಚಿಕ್ಕ ಟವೆಲ್ ನೀರಿಗೆ ತಾಕಬಾರದು, ಮಡಿಸಿ ತಲೆಯ ಮೇಲಿಟ್ಟುಕೊಳ್ಳಿ. ಈಜುವುದು, ನೀರೆರಚುವುದು ಬೇಡ. ಮೊದಲ ಸಲ ಐದು ನಿಮಿಷ ಸಾಕು. ಎದ್ದು, ಅಂಚಿನಲ್ಲಿ ಕೂತು, ಮತ್ತೆ ಇಳಿಯಿರಿ.

6. ಮುಗಿದ ಮೇಲೆ ಚಿಕ್ಕ ಟವೆಲ್ ಹಿಂಡಿ ಮೈ ಒರೆಸಿಕೊಂಡೇ ಬಟ್ಟೆ ಕೋಣೆಗೆ ಬನ್ನಿ, ಅಲ್ಲಿನ ನೆಲ ಒದ್ದೆಯಾಗಬಾರದು. ಚರ್ಮ ಸೂಕ್ಷ್ಮವಿಲ್ಲದವರು ಮತ್ತೆ ಸಿಹಿನೀರು ಹಾಕಿಕೊಳ್ಳುವುದಿಲ್ಲ. ಕಿನೊಸಾಕಿಯ ನೀರು ಉಪ್ಪು, ಒಣಗಿದ ಮೇಲೆ ಮೈ ಬಹಳ ಹೊತ್ತು ಬೆಚ್ಚಗಿರುತ್ತದೆ.

ನಮ್ಮತ್ತೆ ಬಾಗಿಲ ಪರದೆಯವರೆಗೆ ಬಂದು "ನೀನು ಹೋಗಿ ಬಾ, ನಾನಿಲ್ಲಿ ಕೂತಿರ್ತೀನಿ" ಎಂದಿದ್ದರು. ನಾನು ಬಟ್ಟೆ ಕೋಣೆಯಲ್ಲಿ ಟವೆಲ್ ಸುತ್ತಿಕೊಂಡು ಮೀನಮೇಷ ಎಣಿಸುತ್ತಿದ್ದೆ. ಅಷ್ಟರಲ್ಲಿ ಅವರ ವಯಸ್ಸಿನದೇ ಒಬ್ಬ ಅಜ್ಜಿ ಕೈಹಿಡಿದು ಅವರನ್ನು ಒಳಗೆ ಕರೆತಂದಿದ್ದರು. ಇಬ್ಬರಿಗೂ ಒಂದೇ ಒಂದು ಮಾತು ಅರ್ಥವಾಗಲಿಲ್ಲ. ನಾನು ತೊಟ್ಟಿಯ ಹತ್ತಿರ ಬರುವ ಹೊತ್ತಿಗೆ ಅತ್ತೆ ಕತ್ತಿನವರೆಗೆ ನೀರಿನಲ್ಲಿದ್ದರು. "ನಮ್ಮೂರ ಎಣ್ಣೆನೀರು ಇದ್ದಹಾಗಿದೆ ಕಣೇ, ಸೀಗೆಪುಡಿ ಒಂದಿಲ್ಲ" ಎಂದರು. ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಆ ನಾಚಿಕೆಯ ಆಯುಸ್ಸು ಎರಡು ನಿಮಿಷ.

ಆರೋಗ್ಯದ ಮಾತು ಎರಡು. ಕುಡಿದ ಮೇಲೆ ನೀರಿಗಿಳಿಯಬೇಡಿ, ಹೊಟ್ಟೆ ತುಂಬ ಉಂಡ ಕೂಡಲೇ ಕೂಡ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಊರಿನಲ್ಲೇ ವೈದ್ಯರನ್ನು ಕೇಳಿ ಹೊರಡಿ. ತಲೆ ಹಗುರಾದಂತೆ ಅನಿಸಿದರೆ ಥಟ್ಟನೆ ಎದ್ದು ನಿಲ್ಲದೆ ಮೆಲ್ಲಗೆ ಅಂಚಿಗೆ ಬನ್ನಿ. ಮುಟ್ಟಿನ ದಿನಗಳಲ್ಲಿ ತೊಟ್ಟಿಗೆ ಇಳಿಯುವುದಿಲ್ಲ. ಬೀದಿಬದಿಯಲ್ಲಿ ಕಾಲು ಮಾತ್ರ ಇಳಿಬಿಟ್ಟು ಕೂರುವ ಪುಟ್ಟ ಕೊಳಗಳಿವೆ, ಅಲ್ಲಿ ಕೂರಬಹುದು. ಇನ್ನು ಹಚ್ಚೆ: ಜಪಾನಿನ ಎಷ್ಟೋ ಓನ್ಸೆನ್‌ಗಳಲ್ಲಿ ಹಚ್ಚೆ ಇದ್ದವರನ್ನು ಒಳಗೆ ಬಿಡುವುದಿಲ್ಲ. ಕಿನೊಸಾಕಿಯ ಊರ ಸ್ನಾನದಮನೆಗಳಲ್ಲಿ ಆ ತಕರಾರಿಲ್ಲ. ಮೊಳಕೈತುಂಬ ಹಸಿರು ಹಚ್ಚೆ ಹಾಕಿಸಿಕೊಂಡ ಅಜ್ಜಿಯನ್ನೂ ಧೈರ್ಯವಾಗಿ ಕರೆದುಕೊಂಡು ಹೋಗಬಹುದು.

ಯಾವುದಕ್ಕೆ ಮೊದಲು

ಊರಿನ ಸ್ನಾನದಮನೆಗಳು ಒಟ್ಟು ಏಳು. ಒಂದೊಂದಕ್ಕೂ ವಾರದ ರಜೆ ಬೇರೆ ಬೇರೆ, ದುರಸ್ತಿಗೆ ಮುಚ್ಚುವುದೂ ಉಂಟು. ಆ ದಿನ ಯಾವುದು ತೆರೆದಿದೆ ಎಂದು ವಸತಿಗೃಹದಲ್ಲೇ ಕೇಳಿ. ಒಂದೇ ದಿನ ಎಲ್ಲವನ್ನೂ ಮುಗಿಸುವ ಹಟ ಬೇಡ. ನಾಲ್ಕನೆಯದರ ಹೊತ್ತಿಗೆ ಕೈಬೆರಳು ಒಣದ್ರಾಕ್ಷಿಯಾಗಿ, ಸುಖ ಹೋಗಿ ಕೆಲಸವಾಗುತ್ತದೆ. ಸಂಜೆಗೆ ಎರಡು, ಬೆಳಿಗ್ಗೆಗೆ ಒಂದು.

ಸಂಜೆಗೆ ನನ್ನ ಆಯ್ಕೆ ಮಂದಾರಾ-ಯು. ಕಥೆ ಶುರುವಾಗುವುದೇ ಅಲ್ಲಿ. ದೋಚಿ ಎಂಬ ಬೌದ್ಧ ಸನ್ಯಾಸಿ ಸಾವಿರ ದಿನ ಸೂತ್ರ ಜಪಿಸಿದಾಗ 720ರಲ್ಲಿ ಇಲ್ಲಿ ಬಿಸಿನೀರು ಚಿಮ್ಮಿತಂತೆ. ಹಿಂದೆ ಬಂದವರು ಮೊದಲು ಬೆಟ್ಟದ ಓನ್ಸೆನ್-ಜಿ ದೇವಾಲಯಕ್ಕೆ ಹೋಗಿ, ಕೈಮುಗಿದು, ಅಲ್ಲಿ ಕೊಟ್ಟ ಸೌಟು ಹಿಡಿದು ಬಂದು ಸ್ನಾನ ಮಾಡಬೇಕಿತ್ತು. ಮಂದಾರಾ-ಯು ಮತ್ತು ಯಾನಗಿ-ಯು ತೆರೆಯುವುದು ಮಧ್ಯಾಹ್ನ ಮೂರಕ್ಕೆ. ಯಾನಗಿ-ಯು ತೀರ ಚಿಕ್ಕದು, ಮರದ ಆಳವಾದ ತೊಟ್ಟಿ, ನಾಲ್ಕು ಜನ ಹೆಚ್ಚಾದರೆ ಇಕ್ಕಟ್ಟು. ಊರ ನಡುವಿನ ಇಚಿನೊ-ಯುಗೆ ಆ ಹೆಸರು ಬಂದದ್ದು ಎಡೊ ಕಾಲದ (17ರಿಂದ 19ನೇ ಶತಮಾನ) ವೈದ್ಯನೊಬ್ಬ ಇದೇ ನಾಡಿನ ಮೊದಲನೆಯ ನೀರು ಎಂದು ಹೊಗಳಿದ್ದರಿಂದ. ಒಳಗೆ ಬಂಡೆ ಕೊರೆದ ಗುಹೆಯಂಥ ತೊಟ್ಟಿ ಇದೆ. ಗೊಶೊನೊ-ಯು ಕ್ಯೋಟೊದ ಅರಮನೆಯ ಮಾದರಿಯದು, ಎಲ್ಲಕ್ಕಿಂತ ಚೆಲುವು, ಆದ್ದರಿಂದಲೇ ಎಲ್ಲಕ್ಕಿಂತ ಗದ್ದಲ. ಊಟದ ಹೊತ್ತಿಗೆ, ಆರೂವರೆ ಏಳಕ್ಕೆ, ಜನರೆಲ್ಲ ತಟ್ಟೆಯ ಮುಂದೆ ಕೂತಾಗ ನುಗ್ಗಿದರೆ ನಿಮ್ಮ ಪುಣ್ಯ. ಸುದೊಮಾರಿ ಹಿಡಿದವರಿಗೆ ಇದೊಂದು ಲಾಭ.

ಬೆಳಿಗ್ಗೆಗೆ ಕೊನೊ-ಯು. ಗಾಯಗೊಂಡ ಕೊಕ್ಕರೆ ಇಲ್ಲಿನ ನೀರಿನಲ್ಲಿ ಕಾಲಿಟ್ಟು ವಾಸಿಮಾಡಿಕೊಂಡಿತು ಎಂಬುದು ಐತಿಹ್ಯ. ಹಾಗಾಗಿ ರೈಲಿಗೂ ಹಕ್ಕಿಗೂ ಈ ಮನೆಗೂ ನಂಟು. ನಿಲ್ದಾಣದಿಂದ ಇದೇ ಅತಿ ದೂರ, ಅದಕ್ಕೇ ಶಾಂತ. ತೋಟದ ನಡುವೆ ಬಯಲು ತೊಟ್ಟಿ. ಏಳಕ್ಕೆ ಬಾಗಿಲು ತೆರೆಯುತ್ತದೆ. ದಿನದ ಮೊದಲ ಗಂಡಸಿಗೂ ಮೊದಲ ಹೆಂಗಸಿಗೂ ಮರದ ಒಂದು ಬಿಲ್ಲೆ ಕೊಡುವ ಪದ್ಧತಿ ಇಲ್ಲಿದೆ. ಅದಕ್ಕಾಗಿ ಆರೂವರೆಗೇ ಬಂದು ಚಳಿಯಲ್ಲಿ ನಿಂತ ಮುದುಕರ ಸಾಲು ಕಂಡರೆ ಅಚ್ಚರಿಪಡಬೇಡಿ.

ಹೊರಡುವ ಮೊದಲು

ಹತ್ತು ಗಂಟೆಗೆ ಕೋಣೆ ಬಿಡಬೇಕು. ಸಾಮಾನು ಅವರ ಬಳಿಯೇ ಇಟ್ಟು ಕಾಲುವೆಯ ದಡದಲ್ಲಿ ಒಮ್ಮೆ ನಡೆಯಿರಿ. ದಡದ ಕಲ್ಲುಗಳನ್ನು ನೋಡಿ. 1925ರ ಮೇ 23ರ ಭೂಕಂಪ, ಅದರ ಹಿಂದೆಯೇ ಬಂದ ಬೆಂಕಿ ಈ ಊರನ್ನು ನೆಲಸಮ ಮಾಡಿತ್ತು. ಮತ್ತೆ ಕಟ್ಟುವಾಗ ಕಾಲುವೆಗೆ ಬಳಸಿದ್ದು ಗೆನ್‌ಬುದೊದಲ್ಲಿ ಅದೇ ಭೂಕಂಪಕ್ಕೆ ಕಳಚಿಬಿದ್ದ ಕಲ್ಲುಗಳನ್ನು.

ಆ ಗೆನ್‌ಬುದೊ ಮರುಯಾಮಾ ನದಿಯ ಆಚೆ ದಡದಲ್ಲಿದೆ. ಕಿನೊಸಾಕಿಯಿಂದ ಒಂದೇ ಸ್ಟೇಷನ್ ದೂರವಾದರೂ ಸ್ಟೇಷನ್ ಇರುವುದು ಈಚೆ ದಡದಲ್ಲಿ, ಆದ್ದರಿಂದ ಟ್ಯಾಕ್ಸಿ ವಾಸಿ. ಲಾವಾ ಆರಿ ಸೀಳಿ ನಿಂತ ಆರು ಮೂಲೆಯ ಕಂಬಗಳ ಗೋಡೆ ಅದು. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರಿಗೆ ಹಳೆಯ ಪರಿಚಯದವರನ್ನು ಕಂಡಂತಾಗುತ್ತದೆ. ಮತುಯಾಮಾ ಮೊತೊನೊರಿ ಎಂಬ ವಿಜ್ಞಾನಿ 1926ರಲ್ಲಿ ಇಲ್ಲಿನ ಕಲ್ಲಿನ ಕಾಂತಗುಣ ಇಂದಿನ ದಿಕ್ಕಿಗೆ ಉಲ್ಟಾ ಇರುವುದನ್ನು ಕಂಡರು. ಭೂಮಿಯ ಉತ್ತರ ದಕ್ಷಿಣಗಳು ಹಿಂದೊಮ್ಮೆ ತಿರುವುಮುರುವಾಗಿದ್ದವು ಎಂಬ ವಾದಕ್ಕೆ ಅದೊಂದು ಮುಖ್ಯ ಆಧಾರವಾಯಿತು.

ಗೆನ್‌ಬುದೊ ನೋಡಿ ವಾಪಸು ಬಂದು, ಸಾಮಾನು ಎತ್ತಿಕೊಂಡು, ಮಧ್ಯಾಹ್ನದ ರೈಲು ಹಿಡಿಯಬಹುದು. ಗೆತಾ ಬಿಟ್ಟು ನಿಮ್ಮ ಬೂಟು ಹಾಕಿಕೊಂಡಿದ್ದೀರಾ ಎಂದು ಒಮ್ಮೆ ಕೆಳಗೆ ನೋಡಿಕೊಳ್ಳಿ. ನಮ್ಮತ್ತೆ ನಿಲ್ದಾಣದವರೆಗೂ ಕರನ್ ಕೊರೊನ್ ಎಂದು ನಡೆದುಬಂದಿದ್ದರು. ವಸತಿಗೃಹದ ಹುಡುಗಿ ಅವರ ಚಪ್ಪಲಿ ಹಿಡಿದುಕೊಂಡು ಹಿಂದೆಯೇ ಓಡಿಬಂದಳು.